ಖಾತೆ ತೆರೆಯುವ ದಿನ ಎಲ್ಲ ಬ್ಯಾಂಕೂ ಒಳ್ಳೆಯದೇ

ಮಗಳೇ,

‘ದೊಡ್ಡಪ್ಪ, ಯಾವ ಬ್ಯಾಂಕಲ್ಲಿ ಅಕೌಂಟ್ ಮಾಡಿಸಲಿ, ಒಂದು ಹೆಸರು ಹೇಳಿ ಸಾಕು’ ಅಂತ ಕೇಳಿದ್ದೀಯ. ಬದುಕಿನ ಬಹುಭಾಗವನ್ನು ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಕಳೆದವನು ನಾನು. ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಲು ಮನಸ್ಸು ಬರುವುದಿಲ್ಲ. ಇಷ್ಟಕ್ಕೂ ನಾನು ದುಡಿದ ಬ್ಯಾಂಕಿನ ಹೆಸರೇ ಈಗ ಯಾವ ಬೋರ್ಡಿನ ಮೇಲೂ ಇಲ್ಲ, ವಿಲೀನದಲ್ಲಿ ಕರಗಿಹೋಯಿತು. ಹಾಗಾಗಿ ಆರಿಸುವ ಬಗೆಯನ್ನು ಹೇಳುತ್ತೇನೆ, ಹೆಸರನ್ನು ನೀನೇ ತುಂಬಿಕೊ.

ಖಾತೆ ತೆರೆಯುವ ದಿನ ಎಲ್ಲ ಬ್ಯಾಂಕೂ ಒಳ್ಳೆಯದೇ. ಕುರ್ಚಿ ಎಳೆದು ಕೂರಿಸುತ್ತಾರೆ, ಹೆಸರು ಹಿಡಿದು ಮಾತಾಡಿಸುತ್ತಾರೆ. ಈಗಂತೂ ಬ್ಯಾಂಕೇ ನಿನ್ನ ಪಿ.ಜಿ.ವರೆಗೆ ಬರುತ್ತದೆ, ಫೋನಿಗೆ ಮುಖ ತೋರಿಸಿದರೆ ಕೆಲವೇ ನಿಮಿಷಗಳಲ್ಲಿ ಖಾತೆ ಸಂಖ್ಯೆ ಕೈಗೆ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಮನೆ ಕೊಳ್ಳುವವರಿಗೆ ಹಿರಿಯರು ಹೇಳುವುದುಂಟು, ಬಾವಿಯನ್ನು ಆಷಾಢದಲ್ಲಿ ನೋಡಬೇಡ, ವೈಶಾಖದಲ್ಲಿ ನೋಡು ಅಂತ. ಬ್ಯಾಂಕನ್ನೂ ಹಾಗೇ ನೋಡಬೇಕು. ಎಟಿಎಂನಿಂದ ನೋಟು ಬಾರದೆ ಲೆಕ್ಕದಲ್ಲಿ ಮಾತ್ರ ಹಣ ಕಡಿತವಾದ ದಿನ, ಫೋನು ಕಳೆದುಹೋದ ದಿನ, ಕೆಲಸ ಬಿಟ್ಟು ಸಂಬಳ ನಿಂತ ದಿನ, ಖಾತೆಯನ್ನೇ ಮುಚ್ಚಬೇಕೆಂದು ಹೋದ ದಿನ ಆ ಬ್ಯಾಂಕು ನಿನ್ನನ್ನು ಹೇಗೆ ನಡೆಸಿಕೊಂಡೀತು? ನಾನು ಮುಂದೆ ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ನಿನ್ನ ಕಂಪನಿಯವರು ಸಂಬಳದ ಖಾತೆ ಅಂತ ಒಂದನ್ನು ತೆರೆಸಿಯೇ ತೆರೆಸುತ್ತಾರೆ. ಬೇಡವೆನ್ನಬೇಡ. ಆದರೆ ಅದು ನೀನು ಆರಿಸಿದ ಬ್ಯಾಂಕಲ್ಲ, ಕಂಪನಿ ಆರಿಸಿದ್ದು. ಸಂಬಳ ಬರುತ್ತಿರುವವರೆಗೆ ಅದರಲ್ಲಿ ಸೊನ್ನೆ ಇದ್ದರೂ ಯಾರೂ ಕೇಳುವುದಿಲ್ಲ. ಕೆಲಸ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ತಿಂಗಳು ಸಂಬಳ ಬೀಳದಿದ್ದರೆ ಅದೇ ಖಾತೆ ಮಾಮೂಲಿ ಉಳಿತಾಯ ಖಾತೆಯಾಗಿ ಬದಲಾಗಿ, ಕನಿಷ್ಠ ಶಿಲ್ಕಿನ ನಿಯಮ ಅದಕ್ಕೂ ಅಂಟಿಕೊಳ್ಳುತ್ತದೆ. ನಿನ್ನ ವಯಸ್ಸಿನವರು ಮೂರು ಕಂಪನಿ ಬದಲಿಸುವಷ್ಟರಲ್ಲಿ ಮೂರು ಖಾತೆಗಳನ್ನು ಹಿಂದೆ ಬಿಟ್ಟು ಬಂದಿರುತ್ತಾರೆ, ಒಂದೊಂದರಲ್ಲೂ ಚೂರುಪಾರು ಹಣ. ಆ ಚೂರುಪಾರನ್ನು ಶುಲ್ಕ ಮೆಲ್ಲಗೆ ತಿನ್ನುತ್ತಿರುತ್ತದೆ. ಆದ್ದರಿಂದ ಕಂಪನಿಯ ಖಾತೆ ಅದರ ಪಾಡಿಗೆ ಇರಲಿ, ನಿನ್ನದೇ ಅಂತ ಇನ್ನೊಂದು ಉಳಿತಾಯ ಖಾತೆ ಬೇಕು. ಕೆಲಸ ಬದಲಾದರೂ ಬದಲಾಗದ ಖಾತೆ. ಎಲ್‌ಐಸಿ ಕಂತು, ಮ್ಯೂಚುವಲ್ ಫಂಡಿನ ತಿಂಗಳ ಕಂತು, ನಾಳೆ ಮಾಡುವ ಸಾಲದ ಇಎಂಐ, ಆದಾಯ ತೆರಿಗೆಯ ಮರುಪಾವತಿ ಎಲ್ಲ ಇದಕ್ಕೆ ಜೋಡಣೆಯಾಗಬೇಕು. ಚಾಲ್ತಿ ಖಾತೆ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ, ಅದು ವ್ಯಾಪಾರಸ್ಥರಿಗೆ, ಬಡ್ಡಿಯೂ ಇಲ್ಲ.

ಕನಿಷ್ಠ ಶಿಲ್ಕು ಅಂದೆನಲ್ಲ, ಅದರ ಲೆಕ್ಕವನ್ನು ಎಷ್ಟೋ ಓದಿದವರೂ ತಪ್ಪಾಗಿ ತಿಳಿದಿರುತ್ತಾರೆ. ಬ್ಯಾಂಕು ಕೇಳುವುದು ತಿಂಗಳ ಸರಾಸರಿಯನ್ನು. 10,000 ರೂಪಾಯಿ ಸರಾಸರಿ ಅಂದರೆ ದಿನವೂ 10,000 ಇರಲೇಬೇಕು ಅಂತಲ್ಲ. 30 ದಿನದ ತಿಂಗಳಲ್ಲಿ ಒಂದೇ ದಿನ 3 ಲಕ್ಷ ಇದ್ದು ಉಳಿದ 29 ದಿನ ಸೊನ್ನೆಯಿದ್ದರೂ ಲೆಕ್ಕ ಸರಿಹೋಗುತ್ತದೆ. ಇದಕ್ಕೆ ತಿರುವುಮುರುವಾಗಿ, ತಿಂಗಳ ಕೊನೆಯ ದಿನ 15,000 ತುಂಬಿ ನಿಶ್ಚಿಂತೆಯಿಂದ ಮಲಗಿದರೆ ಸರಾಸರಿ ಬರುವುದು 500 ಮಾತ್ರ. ಬ್ಯಾಂಕಿಗೆ ಬಂದು ‘ಹಣ ಇದೆಯಲ್ಲ, ದಂಡ ಯಾಕೆ ಹಾಕಿದಿರಿ’ ಎಂದು ಜಗಳ ತೆಗೆದವರಲ್ಲಿ ಅರ್ಧಕ್ಕರ್ಧ ಮಂದಿಯ ಸಂಗತಿ ಇದೇ ಆಗಿತ್ತು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಶಿಲ್ಕು ಕಡಿಮೆಯಾದರೆ ಬ್ಯಾಂಕು ಮೊದಲು ತಿಳಿಸಬೇಕು, ಸರಿಪಡಿಸಿಕೊಳ್ಳಲು ಒಂದು ತಿಂಗಳು ಬಿಡಬೇಕು, ಎಷ್ಟು ಕಡಿಮೆಯಾಯಿತೋ ಅದರ ಪ್ರಮಾಣದಲ್ಲಿ ಮಾತ್ರ ಶುಲ್ಕ ಹಾಕಬೇಕು. ಈ ಶುಲ್ಕದಿಂದಲೇ ಖಾತೆ ಮೈನಸ್ಸಿಗೆ ಇಳಿಯುವಂತಿಲ್ಲ.

ಈಗ ಗಾಳಿ ಗ್ರಾಹಕರ ಕಡೆ ಬೀಸುತ್ತಿದೆ. ಸ್ಟೇಟ್ ಬ್ಯಾಂಕು ಈ ದಂಡವನ್ನು 2020ರಲ್ಲೇ ಕೈಬಿಟ್ಟಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಬಿಟ್ಟಿತು, ಬೇರೆ ಕೆಲವು ಸರಕಾರಿ ಬ್ಯಾಂಕುಗಳೂ ಅದೇ ಹಾದಿ ಹಿಡಿದವು. ಖಾಸಗಿಯವರ ನಡೆ ಬೇರೆ. ಅದೇ ವರ್ಷದ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕು ನಗರದ ಹೊಸ ಗ್ರಾಹಕರಿಗೆ ಕನಿಷ್ಠ ಸರಾಸರಿಯನ್ನು 50,000 ರೂಪಾಯಿಗೆ ಏರಿಸಿ, ಗದ್ದಲ ಎದ್ದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಸಿತು. ಇದನ್ನು ಕಾನೂನುಬಾಹಿರ ಅನ್ನುವಂತಿಲ್ಲ, ಮೊತ್ತ ಎಷ್ಟೆಂದು ಗೊತ್ತುಮಾಡುವುದು ಆಯಾ ಬ್ಯಾಂಕಿಗೇ ಬಿಟ್ಟದ್ದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ನಮಗೆ ಬೇಕಾದ ಗಿರಾಕಿಯಲ್ಲ ಅಂತ ಒಂದು ಬ್ಯಾಂಕು ಅಂಕಿಯಲ್ಲೇ ಹೇಳುತ್ತಿದ್ದರೆ ಅದನ್ನು ಕೇಳಿಸಿಕೊಳ್ಳುವುದು ಮರ್ಯಾದೆ, ಅಷ್ಟೇ. ಈ ಮಾತು ಬಂದದ್ದರಿಂದ ಇನ್ನೊಂದು: ನಿಮ್ಮ ಪಿ.ಜಿ.ಯ ಅಡುಗೆಯವರಿಗೆ ಖಾತೆ ಇಲ್ಲವೆಂದರೆ ‘ಬೇಸಿಕ್ ಉಳಿತಾಯ ಖಾತೆ’ ಅಂತ ಕೇಳಲು ಹೇಳು. ಕನಿಷ್ಠ ಶಿಲ್ಕಿಲ್ಲದ, ಎಟಿಎಂ ಕಾರ್ಡು ಉಚಿತವಾಗಿ ಸಿಗುವ ಈ ಖಾತೆಯನ್ನು ಯಾವ ಬ್ಯಾಂಕೂ ನಿರಾಕರಿಸುವಂತಿಲ್ಲ.

ಬಡ್ಡಿಯ ವಿಷಯ ಬೇಗ ಮುಗಿಸುತ್ತೇನೆ. 2011ರ ಅಕ್ಟೋಬರ್‌ವರೆಗೆ ಉಳಿತಾಯ ಖಾತೆಯ ಬಡ್ಡಿ ದೇಶಕ್ಕೆಲ್ಲ ಒಂದೇ ಇತ್ತು, ರಿಸರ್ವ್ ಬ್ಯಾಂಕೇ ಗೊತ್ತುಪಡಿಸುತ್ತಿತ್ತು. ಅದಕ್ಕೂ ಹಿಂದೆ, 2010ರ ಏಪ್ರಿಲ್‌ಗೆ ಮುಂಚೆ, ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ ಕಟ್ಟುತ್ತಿದ್ದೆವು. ಅದಕ್ಕಾಗಿಯೇ ನಿನ್ನಜ್ಜ 9ನೇ ತಾರೀಕಿನೊಳಗೆ ಹಣ ತುಂಬಲು ಓಡಾಡುತ್ತಿದ್ದರು. ಈಗ ದಿನದಿನದ ಲೆಕ್ಕ. ದೊಡ್ಡ ಬ್ಯಾಂಕುಗಳು ಶೇಕಡಾ 2.5ರ ಆಸುಪಾಸು ಕೊಡುತ್ತವೆ, ಕೆಲವು ಸಣ್ಣ ಹಣಕಾಸು ಬ್ಯಾಂಕುಗಳು ಹೆಚ್ಚು ಕೊಡುತ್ತವೆ. ಖಾತೆಯಲ್ಲಿ ಸರಾಸರಿ 50,000 ಇದ್ದರೆ ಶೇಕಡಾ 2.5ಕ್ಕೂ 5ಕ್ಕೂ ಇರುವ ವ್ಯತ್ಯಾಸ ವರ್ಷಕ್ಕೆ 1,250 ರೂಪಾಯಿ, ತಿಂಗಳಿಗೆ ನೂರು ಚಿಲ್ಲರೆ. ಅಷ್ಟಕ್ಕಾಗಿ ಬ್ಯಾಂಕು ಆರಿಸುವುದಲ್ಲ. ದೊಡ್ಡ ಮೊತ್ತವನ್ನು ಉಳಿತಾಯ ಖಾತೆಯಲ್ಲಿ ಇಡುವುದೇ ತಪ್ಪು, ಅದಕ್ಕೆ ನಿಶ್ಚಿತ ಠೇವಣಿ ಇದೆ.

ಇನ್ನು ಹಣದ ಭದ್ರತೆ. ಇಲ್ಲಿ ಸ್ವಲ್ಪ ನಿಧಾನಿಸು.

1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿತು. ಠೇವಣಿ ಇಟ್ಟವರ ಗೋಳು ದೇಶಕ್ಕೆಲ್ಲ ಕೇಳಿಸಿದ ಮೇಲೆ 1962ರಲ್ಲಿ ಠೇವಣಿ ವಿಮೆ ಬಂತು. ಆಗ ಅದರ ಮಿತಿ 1,500 ರೂಪಾಯಿ. 1993ರಿಂದ 1 ಲಕ್ಷದಲ್ಲೇ ನಿಂತಿತ್ತು, 2020ರ ಫೆಬ್ರುವರಿ 4ರಿಂದ 5 ಲಕ್ಷವಾಯಿತು. ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಕೂಡಿ 5 ಲಕ್ಷ. ಅದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ನಿನ್ನ ಹೆಸರಲ್ಲೇ ಹಂಚಿಟ್ಟರೆ ನಾಲ್ಕು ಪಟ್ಟು ಆಗುವುದಿಲ್ಲ.

ಆ ಮಿತಿ ಏರುವುದಕ್ಕೆ ಕೆಲವೇ ವಾರ ಮೊದಲು, 2020ರ ಜನವರಿಯಲ್ಲಿ, ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ಆ ಬ್ಯಾಂಕಿದ್ದ ಬಸವನಗುಡಿಯ ಬೀದಿಯಲ್ಲಿ ಪಾಸ್‌ಬುಕ್ ಹಿಡಿದು ನಿಂತವರಲ್ಲಿ ನಿವೃತ್ತರೇ ಹೆಚ್ಚು. ಜೀವಮಾನದ ಗ್ರಾಚ್ಯುಟಿ, ಪಿ.ಎಫ್. ಹಣವನ್ನು ಒಂದಿಷ್ಟು ಹೆಚ್ಚಿನ ಬಡ್ಡಿಗಾಗಿ ಅಲ್ಲಿ ಇಟ್ಟಿದ್ದವರು. ಅದೇ ವರ್ಷದ ಮಾರ್ಚಿನಲ್ಲಿ ಯೆಸ್ ಬ್ಯಾಂಕಿಗೂ ನಿರ್ಬಂಧ ಬಂತು, 50,000ದ ಮಿತಿ. ಆದರೆ ಸ್ಟೇಟ್ ಬ್ಯಾಂಕು ಮುಂತಾದವು ಬಂಡವಾಳ ಹಾಕಿ ಅದನ್ನು ಎತ್ತಿ ನಿಲ್ಲಿಸಿದವು, ಮಾರ್ಚ್ 5ರಂದು ಬಂದ ನಿರ್ಬಂಧ ಮಾರ್ಚ್ 18ಕ್ಕೆ ತೆರವಾಯಿತು. ಬಸವನಗುಡಿಯಲ್ಲಿ 5 ಲಕ್ಷಕ್ಕಿಂತ ಹೆಚ್ಚು ಇಟ್ಟವರು ವರ್ಷಗಟ್ಟಲೆ ಕಾದರು. ಎರಡೂ ಬ್ಯಾಂಕುಗಳು ತಪ್ಪು ಸಾಲ ಕೊಟ್ಟೇ ಕೆಟ್ಟವು. ದೊಡ್ಡದು ಬಿದ್ದರೆ ನೆಲ ನಡುಗುತ್ತದೆಂದು ಎಲ್ಲರೂ ಓಡಿಬರುತ್ತಾರೆ, ಚಿಕ್ಕದಕ್ಕೆ ಆ ಭಾಗ್ಯವಿಲ್ಲ. ನ್ಯಾಯವೋ ಅನ್ಯಾಯವೋ, ಇರುವ ಸಂಗತಿ ಇದು. ಸ್ಟೇಟ್ ಬ್ಯಾಂಕ್, ಎಚ್‌ಡಿಎಫ್‌ಸಿ, ಐಸಿಐಸಿಐ ಈ ಮೂರನ್ನು ಬಿದ್ದರೆ ದೇಶದ ವ್ಯವಸ್ಥೆಗೇ ಪೆಟ್ಟು ಎಂಬ ಪಟ್ಟಿಯಲ್ಲಿ ರಿಸರ್ವ್ ಬ್ಯಾಂಕೇ ಇರಿಸಿದೆ. 2021ರಲ್ಲಿ ಕಾನೂನು ತಿದ್ದಿದ ಮೇಲೆ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಸಿಗಬೇಕು. ಅದು ಠೇವಣಿದಾರರ ಕಣ್ಣೀರಿನಿಂದ ಬಂದ ತಿದ್ದುಪಡಿ.

ಇದನ್ನು ಓದಿ ಸಹಕಾರ ಅಂದರೇ ಕೆಟ್ಟದ್ದು ಅಂದುಕೊಳ್ಳಬೇಡ. 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ನಮ್ಮೂರಿನ ಸೊಸೈಟಿ ಇಲ್ಲದಿದ್ದರೆ ನಿನ್ನಜ್ಜನ ತೋಟ ಸಾಹುಕಾರರ ಪಾಲಾಗುತ್ತಿತ್ತು. ಆದರೆ ಸಹಕಾರ ಬ್ಯಾಂಕು ಬೇರೆ, ಪತ್ತಿನ ಸಹಕಾರ ಸಂಘ ಬೇರೆ, ಸೌಹಾರ್ದ ಸಹಕಾರಿ ಬೇರೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರ ಬ್ಯಾಂಕಿಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದ, ನಿಧಿ, ಚೀಟಿ ಕಂಪನಿ ಯಾವುದಕ್ಕೂ ಈ ವಿಮೆ ಇಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಇವುಗಳ ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೇ ಕಾಣುತ್ತವೆ. ಒಳಗೆ ಕುಳಿತವರು ನಿನ್ನಪ್ಪನ ಸ್ನೇಹಿತರೇ ಇರಬಹುದು, ಸಜ್ಜನರೇ ಇರಬಹುದು. ಆದರೂ ಸಂಬಳದ ಹಣ ಅಲ್ಲಿ ಬೇಡ. ಒಳಗೆ ಹೋದಾಗ ಠೇವಣಿ ವಿಮಾ ನಿಗಮದ (ಡಿಐಸಿಜಿಸಿ) ಫಲಕ ಇದೆಯೇ ನೋಡು, ‘ನಿಮಗೆ ಡಿಐಸಿಜಿಸಿ ವಿಮೆ ಇದೆಯಾ’ ಅಂತ ಬಾಯಿಬಿಟ್ಟು ಕೇಳು. ಉತ್ತರ ಸುತ್ತಿ ಬಳಸಿ ಬಂದರೆ ಎದ್ದು ಬಾ.

ಫೋನಿನಲ್ಲಿ ಬರುವ ಬಣ್ಣದ ಆ್ಯಪುಗಳಿಗೂ ಇದೇ ಮಾತು. ಆ್ಯಪ್ ಬ್ಯಾಂಕಲ್ಲ, ಅದರ ಹಿಂದೆ ಯಾವ ಬ್ಯಾಂಕಿದೆ ಅಂತ ಹುಡುಕು. ಪೇಮೆಂಟ್ಸ್ ಬ್ಯಾಂಕುಗಳು ಒಬ್ಬರ ಖಾತೆಯಲ್ಲಿ ದಿನದ ಕೊನೆಗೆ 2 ಲಕ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಸಾಲವನ್ನೂ ಕೊಡುವಂತಿಲ್ಲ. ಮನೆಮನೆಯಲ್ಲಿ ಹೆಸರಾಗಿದ್ದ ಪೇಟಿಎಂ ಪೇಮೆಂಟ್ಸ್ ಬ್ಯಾಂಕು 2024ರ ಮಾರ್ಚ್ 15ರ ನಂತರ ಹೊಸ ಠೇವಣಿ ತೆಗೆದುಕೊಳ್ಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ತಡೆಯಿತು. ಎಲ್ಲವನ್ನೂ ಅಲ್ಲೇ ಇಟ್ಟುಕೊಂಡಿದ್ದವರು ಒಂದೇ ಸಲಕ್ಕೆ ಬೇರೆ ಖಾತೆ ಹುಡುಕಿಕೊಂಡು ಓಡಬೇಕಾಯಿತು.

‘ನಮ್ಮ ಬ್ಯಾಂಕು’ ಅನ್ನುವ ಮೋಹ ನನಗೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕರಾವಳಿಯ ಒಂದು ಪಟ್ಟಿಯಷ್ಟು ನೆಲದಲ್ಲಿ 1906ರಲ್ಲಿ ಮಂಗಳೂರಿನ ಕೆನರಾ, ಅದೇ ವರ್ಷ ಉಡುಪಿಯ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ ಬ್ಯಾಂಕು ಹುಟ್ಟಿದವು. ಇತ್ತ ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಯೋಜನೆ ತಂದು ದಿನಕ್ಕೆ ಎರಡಾಣೆಯನ್ನು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಎರಡಾಣೆ ಉಳಿಸಿದ ಮೀನುಗಾರ ಹೆಂಗಸಿಗೂ ಪಾಸ್‌ಬುಕ್ಕು ಸಿಕ್ಕಿತು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಗೌರವ ಯಾವ ಬ್ಯಾಂಕೂ ಬಡವರಿಗೆ ತೋರಿಸಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಈಗ ಇವುಗಳಲ್ಲಿ ಉಳಿದಿರುವ ಹೆಸರು ಕೆನರಾ ಮತ್ತು ಕರ್ಣಾಟಕ ಎರಡೇ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಹಣಕ್ಕೆ ಏನೂ ಆಗಲಿಲ್ಲ. ಐಎಫ್‌ಎಸ್‌ಸಿ ಬದಲಾಯಿತು, ಚೆಕ್‌ಬುಕ್ಕು ಬದಲಾಯಿತು, ಬೀದಿಯಲ್ಲಿ ಎದುರುಬದುರಾಗಿದ್ದ ಎರಡು ಶಾಖೆಗಳಲ್ಲಿ ಒಂದು ಮುಚ್ಚಿತು. ನಿನ್ನ ಅಜ್ಜಿ ಮಾತ್ರ ಇವತ್ತಿಗೂ ‘ಮೈಸೂರು ಬ್ಯಾಂಕಿಗೆ ಹೋಗಿ ಬರ್ತೀನಿ’ ಅನ್ನುತ್ತಾಳೆ. ಹೆಸರಿನ ಮೋಹದಿಂದ ಆರಿಸಿದರೆ ಆ ಹೆಸರು ನಿನ್ನ ಕಾಲಕ್ಕೆ ಇದ್ದೇ ಇರುತ್ತದೆ ಅನ್ನುವ ಖಾತ್ರಿಯಿಲ್ಲ ಅನ್ನುವುದಕ್ಕೆ ಇಷ್ಟು ಹೇಳಿದೆ.

ಬದಲಿಗೆ ಒಂದು ಕೆಲಸ ಮಾಡು. ಮನಸ್ಸಿನಲ್ಲಿರುವ ಎರಡು ಮೂರು ಬ್ಯಾಂಕುಗಳ ಶಾಖೆಗೆ ನೀನೇ ಹೋಗು. ತಿಂಗಳ ಮೊದಲ ವಾರ, ಪಿಂಚಣಿಯವರ ನೂಕುನುಗ್ಗಲು ಇರುವ ಹೊತ್ತಿಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕೂತಿರು. ಯಾರೂ ಏನೂ ಕೇಳುವುದಿಲ್ಲ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ಬಂದ ಅಜ್ಜಿಗೆ ಏನು ಉತ್ತರ ಸಿಗುತ್ತದೆ ನೋಡು. ‘ಮಷೀನ್ ಹಾಳಾಗಿದೆ, ನಾಳೆ ಬನ್ನಿ’ ಅಂತಲೋ, ‘ಕೊಡಿ ಅಮ್ಮ, ನಾನು ಹಾಕಿಸಿಕೊಡ್ತೀನಿ’ ಅಂತಲೋ? ಹಣ ತುಂಬುವ ಚಲನ್, ಖಾತೆ ತೆರೆಯುವ ಫಾರಂ ಕನ್ನಡದಲ್ಲಿದೆಯೇ ನೋಡು. ಗ್ರಾಹಕರು ಬಳಸುವ ಕಾಗದಪತ್ರ ಇಂಗ್ಲಿಷ್, ಹಿಂದಿ, ಆಯಾ ರಾಜ್ಯದ ಭಾಷೆ ಮೂರರಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ, ಇದು ಯಾರ ದಾಕ್ಷಿಣ್ಯವೂ ಅಲ್ಲ. ನಿನಗೆ ಇಂಗ್ಲಿಷ್ ಬರುತ್ತದೆ. ಆದರೆ ನಾಳೆ ನಿನಗೆ ಜ್ವರ ಬಂದು ಮಲಗಿದಾಗ ಊರಿನಿಂದ ಬಂದ ನಿನ್ನಮ್ಮ ಆ ಕೌಂಟರಿನ ಮುಂದೆ ನಿಲ್ಲಬೇಕಾಗಬಹುದು. ಅಜ್ಜಿಗೆ ಸಿಕ್ಕ ಉತ್ತರವೇ ನಿನ್ನಮ್ಮನಿಗೂ ಸಿಗುವುದು.

ಅಲ್ಲಿಂದ ಏಳುವ ಮುಂಚೆ ಒಂದು ಪ್ರಶ್ನೆ ಕೇಳು: ‘ಸರ್, ಮುಂದೆ ಈ ಖಾತೆ ಮುಚ್ಚಬೇಕಾದರೆ ಏನು ಮಾಡಬೇಕು?’ ತೆರೆಯುವ ಮುಂಚೆಯೇ ಮುಚ್ಚುವ ಮಾತೇ ಅಂತ ಮುಖ ಗಂಟುಹಾಕಿದರೆ ಹಾಕಲಿ. ‘ಅರ್ಜಿ, ಚೆಕ್‌ಬುಕ್ಕು, ಕಾರ್ಡು ತಂದುಕೊಡಿ, ಇಂತಿಷ್ಟು ತಿಂಗಳೊಳಗೆ ಮುಚ್ಚಿದರೆ ಇಷ್ಟು ಶುಲ್ಕ’ ಎಂದು ನೇರವಾಗಿ ಹೇಳುವವರನ್ನು ನಂಬಬಹುದು. ಶುಲ್ಕಗಳ ಪಟ್ಟಿಯನ್ನೂ ಕೇಳಿ ಪಡೆ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ, ಕಂತಿಗೆ ಹಣವಿಲ್ಲದೆ ವಾಪಸಾದರೆ ಬೀಳುವ ದಂಡ, ಇವೆಲ್ಲದರ ಮೇಲೆ ಜಿಎಸ್‌ಟಿ. ಕಾರ್ಡು ಬೇಕಾದರೆ ಅತಿ ಕಡಿಮೆ ಶುಲ್ಕದ್ದನ್ನೇ ಕೇಳು. ವಿಮಾನ ನಿಲ್ದಾಣದ ಲಾಂಜಿನ ಆಸೆ ತೋರಿಸುವ ಚಿನ್ನದ ಬಣ್ಣದ ಕಾರ್ಡು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತುವವರಿಗೆ ಬೇಕಿಲ್ಲ. ಬೆಂಗಳೂರಿನಂಥ ಮಹಾನಗರದಲ್ಲಿ ಬೇರೆ ಬ್ಯಾಂಕಿನ ಎಟಿಎಂ ತಿಂಗಳಿಗೆ ಮೂರು ಸಲ ಉಚಿತ, ನಿನ್ನದೇ ಬ್ಯಾಂಕಿನದು ಐದು ಸಲ. ಆಮೇಲೆ ಪ್ರತಿ ಸಲಕ್ಕೂ 23 ರೂಪಾಯಿಯವರೆಗೆ ಹಾಕಬಹುದು.

ಒಂದು ಒಳಗಿನ ಗುಟ್ಟು. ಖಾತೆ ತೆರೆಯಲು ಕುಳಿತಾಗ ಎದುರಿಗಿರುವ ಹುಡುಗನೋ ಹುಡುಗಿಯೋ ನಿನ್ನದೇ ವಯಸ್ಸಿನವರಿರುತ್ತಾರೆ. ಅವರ ತಲೆಯ ಮೇಲೆ ಟಾರ್ಗೆಟ್ ತೂಗುತ್ತಿರುತ್ತದೆ: ಈ ತಿಂಗಳು ಇಷ್ಟು ವಿಮೆ, ಇಷ್ಟು ಕ್ರೆಡಿಟ್ ಕಾರ್ಡು, ಇಷ್ಟು ಮ್ಯೂಚುವಲ್ ಫಂಡು. ಸಂಜೆ ಆರಕ್ಕೆ ರೀಜನಲ್ ಆಫೀಸಿನಿಂದ ಫೋನು ಬರುತ್ತದೆ, ಎಷ್ಟಾಯಿತು ಅಂತ. ಆ ಫೋನುಗಳಿಗೆ ಉತ್ತರ ಹೇಳಿದವನು ನಾನು. ಅದಕ್ಕೇ ಹೇಳುತ್ತೇನೆ, ಅವರ ಮೇಲೆ ಸಿಟ್ಟಾಗಬೇಡ, ಸಹಿಯನ್ನೂ ಹಾಕಬೇಡ. ‘ಇದು ಠೇವಣಿಯ ಹಾಗೇ ಮೇಡಂ, ಐದು ವರ್ಷ ಕಟ್ಟಿದರೆ ಸಾಕು’ ಅಂದರೆ ಅದು ಬಹುಮಟ್ಟಿಗೆ ವಿಮೆ. ‘ಇದು ಬ್ಯಾಂಕಿನ ಠೇವಣಿಯೋ ವಿಮಾ ಕಂಪನಿಯ ಪಾಲಿಸಿಯೋ, ಬರೆದುಕೊಡಿ’ ಅನ್ನು. ಅಕಸ್ಮಾತ್ ಸಿಕ್ಕಿಬಿದ್ದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ನಿನಗಿದೆ. ವಿಮೆ ಇಲ್ಲದಿದ್ದರೆ ಖಾತೆ ಇಲ್ಲ, ಲಾಕರ್ ಇಲ್ಲ ಅನ್ನುವುದು ಸುಳ್ಳು. ಸಹಿ ಹಾಕಬೇಡ ಅಂದದ್ದಕ್ಕೆ ಒಂದು ಅಪವಾದವಿದೆ: ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ ಜ್ಯೋತಿ. ಅಪಘಾತಕ್ಕೂ ಸಾವಿಗೂ ತಲಾ 2 ಲಕ್ಷದ ಈ ಎರಡನ್ನು ಯಾರೂ ಒತ್ತಾಯಿಸಿ ಮಾರುವುದಿಲ್ಲ, ನೀನೇ ಕೇಳಿ ಮಾಡಿಸಿಕೊ.

ಕಷ್ಟದ ದಿನದ ನಿಯಮಗಳನ್ನು ಮುಂಚೆಯೇ ತಿಳಿದಿರು, ಆಗ ಬ್ಯಾಂಕಿನವರ ಜೊತೆ ಮಾತಾಡುವ ದನಿಯೇ ಬೇರೆಯಾಗುತ್ತದೆ. ಎಟಿಎಂನಲ್ಲಿ ನೋಟು ಬಾರದೆ ಹಣ ಕಡಿತವಾದರೆ ಐದು ದಿನಗಳೊಳಗೆ ತಾನಾಗಿ ಖಾತೆಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಯುಪಿಐನಲ್ಲಿ ಕಳಿಸಿದ್ದು ಆ ಕಡೆ ತಲುಪದಿದ್ದರೆ ಮರುದಿನದೊಳಗೆ ಮರಳಬೇಕು, ತಡವಾದರೆ ಅದಕ್ಕೂ ಅಷ್ಟೇ ಪರಿಹಾರ. ನಿನ್ನ ತಪ್ಪಿಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಪೂರ್ತಿ ಬ್ಯಾಂಕಿನದು. ನಾಲ್ಕರಿಂದ ಏಳನೇ ದಿನದೊಳಗಾದರೆ ಮಾಮೂಲಿ ಉಳಿತಾಯ ಖಾತೆಯಲ್ಲಿ ನಿನ್ನ ತಲೆಗೆ ಹೆಚ್ಚೆಂದರೆ 10,000. ಒಟಿಪಿ ನೀನೇ ಹೇಳಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ನಿನ್ನದೇ. ಅಂಥ ಗಳಿಗೆಯಲ್ಲಿ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡು, ಆಮೇಲೆ ಬ್ಯಾಂಕಿಗೆ. ದೂರಿನ ಸಂಖ್ಯೆ ಬರೆದಿಟ್ಟುಕೊ. ಯಾವ ದೂರೇ ಇರಲಿ, ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆ, ಖರ್ಚಿಲ್ಲ, ವಕೀಲರೂ ಬೇಡ. ಆ ಹೆಸರು ಬಾಯಲ್ಲಿ ಬಂದೊಡನೆ ಶಾಖೆಯಲ್ಲಿ ಎಷ್ಟು ಬೇಗ ಕಡತ ಸಿಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಬೀದಿಬದಿಯ ಕಾಫಿಗೂ ಆಟೊಗೂ ಯುಪಿಐನಲ್ಲೇ ಕೊಡುತ್ತೀಯ. ಅದನ್ನು ಮುಖ್ಯ ಖಾತೆಗೆ ಜೋಡಿಸಬೇಡ, ಕಂಪನಿಯ ಸಂಬಳದ ಖಾತೆಗೇ ಇರಲಿ. ಸಂಬಳ ಬಿದ್ದ ದಿನ ತಿಂಗಳ ಖರ್ಚಿನಷ್ಟು ಅಲ್ಲಿ ಬಿಟ್ಟು ಉಳಿದದ್ದನ್ನು ನಿನ್ನ ಸ್ವಂತ ಖಾತೆಗೆ ದಾಟಿಸು. ಫೋನು ಕಳ್ಳರ ಕೈಗೆ ಸಿಕ್ಕರೂ ಹೋಗುವುದು ಖರ್ಚಿನ ಹಣ ಮಾತ್ರ. ಇನ್ನೊಂದು ಕಾರಣವೂ ಇದೆ. ವಂಚನೆಯ ಹಣ ಹತ್ತು ಕೈ ದಾಟಿ ಯಾವುದೋ ರೀತಿಯಲ್ಲಿ ನಿನ್ನ ಖಾತೆಗೆ ಬಂದುಬಿಟ್ಟರೆ ಪೊಲೀಸರು ಖಾತೆಯನ್ನು ಸ್ತಂಭನ ಮಾಡಿಸಬಹುದು, ಬಿಡಿಸಿಕೊಳ್ಳುವುದು ದೊಡ್ಡ ಅಲೆದಾಟ. ಆ ದಿನ ಮನೆ ಬಾಡಿಗೆಗೆ ಇನ್ನೊಂದು ಖಾತೆ ಬೇಕು. ‘ನಿನ್ನ ಅಕೌಂಟ್ ಎರಡು ತಿಂಗಳಿಗೆ ಕೊಡು, ಕಮಿಷನ್ ಕೊಡ್ತೀವಿ’ ಅಂತ ಕಾಲೇಜಿನ ಗೆಳೆಯರೇ ಕೇಳಿಯಾರು. ಆ ಖಾತೆಯಲ್ಲಿ ಓಡಾಡಿದ ಹಣಕ್ಕೆಲ್ಲ ಪೊಲೀಸರ ಮುಂದೆ ಉತ್ತರ ಹೇಳಬೇಕಾದವಳು ನೀನು.

ನಾಮಿನಿಯ ಹೆಸರು ಬರೆಯದೆ ಫಾರಂ ಕೊಡಬೇಡ. ನಿನಗೆ ಇಪ್ಪತ್ತಮೂರು, ಈ ಮಾತು ಅಪಶಕುನ ಅನ್ನಿಸಬಹುದು. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಬಹುದು. ನಿನ್ನಪ್ಪ, ಅಮ್ಮ ಇಬ್ಬರನ್ನೂ ಬರೆ. ಕಾಲೇಜಿನ ದಿನದಲ್ಲಿ ವಿದ್ಯಾರ್ಥಿವೇತನಕ್ಕೆ ತೆರೆದ ಆ ಹಳೆಯ ಖಾತೆ ಇದೆಯಲ್ಲ, ಎರಡು ವರ್ಷ ನೀನು ಕೈಯಾಡಿಸದಿದ್ದರೆ ಅದು ನಿಷ್ಕ್ರಿಯ, ಹತ್ತು ವರ್ಷ ಕಳೆದರೆ ಅದರ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ಆ ಕಾಗದದ ಕೆಲಸ ಬೇಡ. ದೀಪಾವಳಿಗೆ ಊರಿಗೆ ಬಂದಾಗ ಮುಚ್ಚಿಸಿಬಿಡೋಣ.

ಇಷ್ಟೆಲ್ಲ ಹೇಳಿಯೂ ಹೆಸರು ಹೇಳಲಿಲ್ಲ ಅಂತ ಮುನಿಸಿಕೊಳ್ಳಬೇಡ. ನಿನ್ನ ಜಾಗದಲ್ಲಿ ನಾನಿದ್ದರೆ ನಮ್ಮೂರಿನ ಪೇಟೆಯಲ್ಲೂ ನಿನ್ನ ಪಿ.ಜಿ.ಯಿಂದ ನಡೆದು ಹೋಗುವಷ್ಟು ದೂರದಲ್ಲೂ ಶಾಖೆ ಇರುವ, ಕನಿಷ್ಠ ಶಿಲ್ಕಿನ ದಂಡವಿಲ್ಲದ ಸರಕಾರಿ ಬ್ಯಾಂಕೊಂದರಲ್ಲಿ ಸ್ವಂತ ಖಾತೆ ತೆರೆಯುತ್ತಿದ್ದೆ. ಅವರ ಆ್ಯಪು ಖಾಸಗಿಯವರಷ್ಟು ಚುರುಕಿರುವುದಿಲ್ಲ, ಕೌಂಟರಿನಲ್ಲಿ ಟೋಕನ್ ಹಿಡಿದು ಕಾಯಬೇಕಾಗುತ್ತದೆ. ಅದನ್ನು ಸಹಿಸಬಹುದು. ಶಾಖೆಯಲ್ಲಿ ಕೂತು ನೋಡಿ ನಿನಗೆ ಬೇರೆಯದೇ ಒಪ್ಪಿಗೆಯಾದರೆ ಅದನ್ನೇ ಮಾಡು, ನನ್ನ ಮಾತಿಗಿಂತ ನೀನು ಕಣ್ಣಾರೆ ಕಂಡದ್ದು ಹೆಚ್ಚು.

ಆಧಾರ್, ಪ್ಯಾನ್, ಎರಡು ಫೋಟೊ, ಪಿ.ಜಿ. ವಿಳಾಸಕ್ಕೆ ಕಂಪನಿಯ ಪತ್ರ ಇಟ್ಟುಕೊ. ಶನಿವಾರ ಹೋಗುವುದಾದರೆ ಮೊದಲನೆಯದೋ ಮೂರನೆಯದೋ ನೋಡಿಕೊಂಡು ಹೋಗು. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ.